ತುತ್ತು ಕೊಡುವ ಮೊದಲು

"ನಿಮ್ಮ ಮಗುವಿಗೆ ಏನು ಇಷ್ಟ?" ಎಂದು ಸಿಸ್ಟರ್ ವರ್ಕಿತ್ ಕೇಳಿದಾಗ ನನ್ನ ತಮ್ಮನ ಹೆಂಡತಿ ಯೆಶಾರೆಗ್ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಉತ್ತರ ತಿಳಿದಿರಲಿಲ್ಲ.

ನಮ್ಮೂರು ದೆಬ್ರೆ ಮಾರ್ಕೋಸ್‌ನ ಆರೋಗ್ಯ ಕೇಂದ್ರದ ಹಿಂಬದಿಯ ಕೋಣೆ ಅದು. ಲಸಿಕೆಯ ಖಾಲಿ ಪೆಟ್ಟಿಗೆಗಳನ್ನು ಗೋಡೆಗೆ ಸರಿಸಿ, ಬೆಂಚುಗಳನ್ನು ದುಂಡಗೆ ಹಾಕಿದ್ದರು. ಪ್ರತಿ ಶನಿವಾರ ಅಲ್ಲಿ ನಮ್ಮಂಥ ಕೆಲವು ಮನೆಗಳವರು ಸೇರುತ್ತಿದ್ದೆವು. ಎಲ್ಲರ ಮನೆಯಲ್ಲೂ ಆಟಿಸಂ ಇರುವ ಒಂದು ಮಗು, ತರಗತಿ ಮುಗಿಯುವವರೆಗೆ ಮಕ್ಕಳು ಪಕ್ಕದ ಕೋಣೆಯಲ್ಲಿರುತ್ತಿದ್ದರು. ಕಾಯಿಲೆ ವಾಸಿ ಮಾಡುವ ತರಗತಿಯಲ್ಲ ಇದು, ಮಗುವಿನ ಜೊತೆ ಬದುಕುವುದು ಹೇಗೆಂದು ಮನೆಯವರು ಕಲಿಯುವ ತರಗತಿ ಎಂದು ಸಿಸ್ಟರ್ ಮೊದಲೇ ಹೇಳಿದ್ದರು.

ಯೆಶಾರೆಗ್‌ಳ ಮಗ ಅಮ್ಹಾನಿಗೆ ಏನು ಬೇಡ ಎಂದು ಕೇಳಿದ್ದರೆ ಸಂಜೆಯವರೆಗೂ ಹೇಳುತ್ತಿದ್ದೆವು. ಒದ್ದೆ ಇಂಜೆರಾ, ನಮ್ಮ ಮೆತ್ತನೆಯ ಹುಳಿರೊಟ್ಟಿ, ಬೆರಳಿಗೆ ಅಂಟಬಾರದು. ಹಬ್ಬದಲ್ಲಿ ಚರ್ಚಿನ ನಗಾರಿ ಹತ್ತಿರದಿಂದ ಕೇಳಬಾರದು. ತಲೆ ಮುಟ್ಟಬಾರದು. ನೆಂಟರು ಬಂದು ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಡುವುದಂತೂ ಕೂಡದೇ ಕೂಡದು. ಆದರೆ ಇಷ್ಟ? ಐದು ವರ್ಷದ ಹುಡುಗ ನಮ್ಮ ಕಣ್ಣೆದುರಿಗೇ ಬೆಳೆದಿದ್ದ. ಅವನಿಗೆ ಇಂಥದ್ದು ಇಷ್ಟ ಎಂದು ಬೆರಳಿಟ್ಟು ತೋರಿಸಲು ನಮ್ಮಲ್ಲಿ ಒಂದೂ ಇರಲಿಲ್ಲ.

ಸಿಸ್ಟರ್ ಬೇಸರಿಸಲಿಲ್ಲ. ಈ ವಾರ ಮಗುವಿಗೆ ಏನನ್ನೂ ಕಲಿಸಬೇಡಿ, ಪಕ್ಕದಲ್ಲಿ ಅವನಷ್ಟೇ ಎತ್ತರಕ್ಕೆ ಕೂತು, ಅವನು ಏನು ನೋಡುತ್ತಾನೋ ಅದನ್ನೇ ನೀವೂ ನೋಡಿ ಎಂದರು.

"ಅಷ್ಟೇನಾ?" ಎಂದ ಎದುರು ಬೆಂಚಿನ ಕಟುಕ ಗೋಬೆಜೆ. "ಇದಕ್ಕೆ ನಾನು ಅಂಗಡಿ ಮುಚ್ಕೊಂಡು ಬಂದ್ನಾ ಸಿಸ್ಟರ್?"

"ಅಷ್ಟೇ. ಮಾಡಿ ನೋಡಿ, ಆಮೇಲೆ ಬಂದು ಬೈಯಿರಿ."

ಯೆಶಾರೆಗ್‌ಳ ಗಂಡ, ನನ್ನ ತಮ್ಮ ಮುಲಾತ್, ಬಂದರಿನ ದಾರಿಯಲ್ಲಿ ಲಾರಿ ಓಡಿಸುತ್ತಾನೆ. ಬಂದರೆ ಒಂದೆರಡು ದಿನ ಇರುತ್ತಾನೆ, ಮತ್ತೆ ಹೊರಡುತ್ತಾನೆ. ನಾನು ಗಂಡ ತೀರಿಕೊಂಡ ಮೇಲೆ ಅಪ್ಪನ ಮನೆಗೆ ಬಂದವಳು, ಹತ್ತಿ ನೂಲುತ್ತೇನೆ. ಯೆಶಾರೆಗ್ ಆಗ ತುಂಬು ಬಸುರಿ. ಮೊದಲ ಹೆರಿಗೆಯಲ್ಲಿ ಹೊಟ್ಟೆ ಕೊಯ್ದು ಅಮ್ಹಾನನ್ನು ತೆಗೆದಿದ್ದರು, ಈ ಸಲವೂ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು, ಕೆಲವು ದಿನ ಅಲ್ಲೇ ಮಲಗಬೇಕು ಎಂದಿದ್ದರು. ಜೊತೆಗೆ ಹೆಂಗಸೊಬ್ಬಳು ಇರಲೇಬೇಕು, ಅಂದರೆ ನಾನು. ಆಮೇಲೆ ಮನೆಯಲ್ಲಿ ಉಳಿಯುವವರು ಅಮ್ಹಾ ಮತ್ತು ನನ್ನ ಅಪ್ಪ.

ಅದೇ ಭಯ. ಅಮ್ಹಾ ಮಾತಾಡುವುದಿಲ್ಲ. ಅವನಿಗೆ ಹಸಿವೋ ಬಾಯಾರಿಕೆಯೋ ಎಂಬುದು ತಾಯಿಗೆ ಮಾತ್ರ ತಿಳಿಯುತ್ತಿತ್ತು, ಹೇಗೆಂದು ಅವಳಿಗೂ ತಿಳಿಯದು. ಹಿಂದೊಮ್ಮೆ ಅವಳು ತವರಿಗೆ ಸಾವಿಗೆ ಹೋಗಿ ಮರುದಿನ ಬಂದಾಗ ಮಗುವಿನ ತುಟಿ ಬಿರಿದಿತ್ತು. ಒಂದು ಹನಿ ನೀರೂ ಕುಡಿದಿರಲಿಲ್ಲ. ತನ್ನ ಮಣಿಕಟ್ಟನ್ನು ತಾನೇ ಕಚ್ಚಿ ಕಚ್ಚಿ ಊದಿಸಿಕೊಂಡಿದ್ದ. ಅಂದಿನಿಂದ ಅವಳು ಅವನನ್ನು ಬಿಟ್ಟು ಹೊಸಿಲು ದಾಟಿದವಳಲ್ಲ. ಈಗ ದಾಟಲೇಬೇಕಿತ್ತು.

ತೀರ್ಥದ ಬುಗ್ಗೆಗೂ ಕರೆದುಕೊಂಡು ಹೋಗಿದ್ದೆವು. ದೇವರ ನೀರಿನಲ್ಲಿ ನನಗೆ ಇಂದಿಗೂ ನಂಬಿಕೆ ಕಡಿಮೆಯಾಗಿಲ್ಲ. ಚಳಿಯ ಬೆಳಗಿನಲ್ಲಿ ಆ ನೀರು ಬಿದ್ದರೆ ದೊಡ್ಡವರೇ ಕಿರುಚುತ್ತಾರೆ, ಅಮ್ಹಾ ಅದರಡಿ ನಿಂತು ನಕ್ಕ. ದುಷ್ಟಶಕ್ತಿಯಿದ್ದರೆ ಹೀಗೆ ನಗುತ್ತಿರಲಿಲ್ಲ ಎಂದರು ಪಾದ್ರಿಗಳು. ಸಮಾಧಾನವಾಗಿ ಮನೆಗೆ ಬಂದೆವು. ಯಾಕೆ ನಕ್ಕ ಎಂದು ಮಾತ್ರ ನಮ್ಮಲ್ಲಿ ಯಾರೂ ಕೇಳಿಕೊಳ್ಳಲಿಲ್ಲ.

ಆ ವಾರ ನಾನು ನೋಡಲು ಕೂತೆ.

ಬೆಳಗಿನ ಕೆಲಸ ಮುಗಿದ ಮೇಲೆ ಬಾಗಿಲ ಬಳಿ ಕೂತು ಕದಿರು ತಿರುಗಿಸುವುದು ನನ್ನ ರೂಢಿ. ಅಮ್ಹಾ ಯಾವಾಗಲೂ ನನ್ನಿಂದ ಸ್ವಲ್ಪ ದೂರ, ನನಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ನನ್ನನ್ನು ಕಂಡರಾಗದು ಎಂದುಕೊಂಡಿದ್ದೆ. ಈಗ ನಾನೂ ಕದಿರು ಬದಿಗಿಟ್ಟು ಚಾಪೆಯ ಮೇಲೆ ಜರುಗಿ ಅವನ ಪಕ್ಕದಲ್ಲಿ ಕೂತು, ಕತ್ತು ತಗ್ಗಿಸಿ ಗೋಡೆ ನೋಡಿದೆ. ಮಣ್ಣಿನ ಗೋಡೆ, ಸುಣ್ಣ ಎದ್ದುಹೋಗಿತ್ತು, ಬೇರೇನೂ ಇರಲಿಲ್ಲ. ಅವನೂ ಎದ್ದು ಹೋದ. ಮರುದಿನ ನಾನು ಜಾಣತನ ಮಾಡದೆ ನನ್ನ ಜಾಗದಲ್ಲೇ ಕೂತು, ನೂಲುತ್ತಲೇ ಅವನ ಕಣ್ಣಿನ ದಿಕ್ಕು ಹಿಡಿದೆ. ಆಗ ಕಂಡಿತು. ಬಾಗಿಲಿನಿಂದ ಬಿಸಿಲು ಬೀಳುತ್ತಿತ್ತು. ಗೋಡೆಯ ಮೇಲೆ ನನ್ನ ಕದಿರಿನ ನೆರಳು ತಿರುಗುತ್ತಿತ್ತು. ಕದಿರು ಗಿರ್ರೆಂದು ತಿರುಗುವಾಗ ಕಣ್ಣಿಗೆ ಬರೀ ಮಬ್ಬು, ನೆರಳು ಮಾತ್ರ ಹಾಗಲ್ಲ. ಅದು ಉಬ್ಬಿ, ತೆಳ್ಳಗಾಗಿ, ನೂಲು ಉದ್ದವಾದಂತೆ ನೆಲದ ಕಡೆ ನಿಧಾನವಾಗಿ ಇಳಿದುಬರುತ್ತಿತ್ತು, ಜೇಡವೊಂದು ತನ್ನ ಎಳೆ ಬಿಟ್ಟುಕೊಂಡು ಇಳಿದ ಹಾಗೆ. ಎಷ್ಟು ವರ್ಷದಿಂದ ನೂಲುತ್ತಿದ್ದೇನೆ. ನನ್ನ ಬೆನ್ನ ಹಿಂದೆ ಇಷ್ಟೆಲ್ಲ ನಡೆಯುತ್ತಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಅವನು ನನಗೆ ಬೆನ್ನು ಹಾಕುತ್ತಿರಲಿಲ್ಲ. ನನ್ನ ಕೆಲಸವನ್ನೇ ನೋಡುತ್ತಿದ್ದ, ಬೇರೆ ಕಡೆಯಿಂದ.

ಯೆಶಾರೆಗ್‌ಗೆ ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ಬಂದು, ನೆಲಕ್ಕೆ ಕೂತು, ಬಹಳ ಹೊತ್ತು ಗೋಡೆ ನೋಡಿದಳು. "ಎತೀಯೆ, ಇಷ್ಟು ದಿನ ಇವ್ನು ಏನೂ ನೋಡಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ" ಎಂದಳು. ಎತೀಯೆ ಎಂದರೆ ಅಕ್ಕ. ಅವಳು ನನ್ನನ್ನು ಕರೆಯುವುದೇ ಹಾಗೆ.

ಮುಂದಿನ ಶನಿವಾರ ಇಷ್ಟದ ಪ್ರಶ್ನೆಗೆ ಉತ್ತರ ಹೇಳಿದೆವು. ಗೋಬೆಜೆಯೂ ಹೇಳಿದ. ಅವನ ಮಗಳು ತಕ್ಕಡಿಯ ಮುಳ್ಳು ನಿಲ್ಲುವುದನ್ನು ನೋಡುತ್ತಾಳಂತೆ, ಮಾಂಸದ ಕಡೆ ತಿರುಗಿಯೂ ನೋಡುವುದಿಲ್ಲವಂತೆ. "ಕಟುಕನ ಮಗಳು ಅಂತ ಹೇಳ್ಕೊಳ್ಳಕ್ಕಿಲ್ಲ" ಎಂದು ನಕ್ಕ, ಬೈಯಲಿಲ್ಲ.

ಅಂದು ಸಿಸ್ಟರ್ ಒಂದು ಆಟ ಆಡಿಸಿದರು. ನನ್ನನ್ನು ನಡುವೆ ಕೂರಿಸಿ, ಮನಸ್ಸಿನಲ್ಲಿ ಬೇಕು ಎನ್ನುವುದೊಂದನ್ನು ಇಟ್ಟುಕೊಳ್ಳಿ, ಬಾಯಿ ಬಿಡಬೇಡಿ, ಬೆರಳು ತೋರಿಸಬೇಡಿ ಎಂದರು. ಉಳಿದವರು ಕಂಡುಹಿಡಿಯಬೇಕು. ನನ್ನ ಕತ್ತಿಗೆ ಕಿಟಕಿಯ ಗಾಳಿ ಹೊಡೆಯುತ್ತಿತ್ತು, ಅದನ್ನು ಮುಚ್ಚಿದರೆ ಸಾಕು ಎಂದುಕೊಂಡೆ. ಒಬ್ಬಳು ನೀರು ತಂದಳು. ಇನ್ನೊಬ್ಬಳು ಕಿತ್ತಳೆ ಸುಲಿದಳು. ಮತ್ತೊಬ್ಬಳು ನನ್ನ ಮುಖ ಒರೆಸಿದಳು. ಗೋಬೆಜೆ ತನ್ನ ಚೀಲದಿಂದ ರೊಟ್ಟಿ ಮುರಿದು ತುತ್ತು ಮಾಡಿ ನೇರ ನನ್ನ ಬಾಯಿಗೇ ಹಿಡಿದ.

"ತಿನ್ನಕ್ಕ, ನಾನು ಸಾಯ್ಲಿ, ಇದೊಂದು" ಎಂದು ಆಣೆ ಹಾಕಿದ.

ನಮ್ಮಲ್ಲಿ ತನ್ನ ಕೈಯಿಂದ ಇನ್ನೊಬ್ಬರ ಬಾಯಿಗೆ ಇಡುವ ತುತ್ತಿಗೆ ಗುರ್ಷಾ ಎನ್ನುತ್ತೇವೆ. ತುತ್ತು ದೊಡ್ಡದಾದಷ್ಟೂ ಪ್ರೀತಿ ದೊಡ್ಡದು, ಬೇಡ ಎಂದವರು ಮನಸ್ಸು ಮುರಿದವರು. ಬಾಯಿ ತುಂಬಿಕೊಂಡು ಕೂತೆ. ಕತ್ತಿಗೆ ಗಾಳಿ ಹೊಡೆಯುತ್ತಲೇ ಇತ್ತು. ಎಲ್ಲರೂ ನಗುತ್ತಿದ್ದರು. ನನ್ನ ಮಡಿಲಲ್ಲಿ ನನ್ನ ಎರಡು ಕೈಗಳೂ ಮುಷ್ಟಿಯಾಗಿದ್ದವು. ಕೊಡುತ್ತಿರುವವರ ಮೇಲೆ ಇಷ್ಟು ಸಿಟ್ಟು ಬರಬಹುದೆಂದು ನಾನು ಅಂದುಕೊಂಡಿರಲಿಲ್ಲ.

"ಎಲ್ರೂ ಕೊಟ್ರಿ" ಎಂದರು ಸಿಸ್ಟರ್. "ಯಾರಾದ್ರೂ ಕಾದ್ರಾ?"

ಆಮೇಲೆ ಕಾಯುವುದನ್ನು ಕಲಿಸಿದರು. ಮಗುವಿಗೆ ಬೇಕಾದದ್ದು ಅವನ ಕಣ್ಣಿಗೆ ಕಾಣಬೇಕು, ಕೈಗೆ ಎಟುಕಬಾರದು. ನಾವು ಹತ್ತಿರ ಕೂರಬೇಕು. ಒಂದೇ ಮಾತು ಹೇಳಬೇಕು, ಆಮೇಲೆ ಸುಮ್ಮನಿರಬೇಕು. ಅವನು ಕಣ್ಣೆತ್ತಿದರೂ, ಕೈ ಚಾಚಿದರೂ, ನಮ್ಮ ಬೆರಳು ಮುಟ್ಟಿದರೂ ಅದನ್ನು ಮಾತು ಎಂದೇ ತಿಳಿದು ತಕ್ಷಣ ಕೊಡಬೇಕು. ಹಸಿದ ಮಗುವನ್ನು ಹಸಿವಿನಲ್ಲಿ ಇಡುವುದಲ್ಲ, ಇಷ್ಟದ ಆಟದಿಂದ ಶುರುಮಾಡಿ ಎಂದು ಒತ್ತಿ ಹೇಳಿದರು.

ನಾನು ಕದಿರಿನಿಂದ ಶುರುಮಾಡಿದೆ. ತಿರುಗುತ್ತಿದ್ದ ಕದಿರನ್ನು ನಿಲ್ಲಿಸಿ, "ತಿರುಗಲಿ" ಎಂದು ಹೇಳಿ, ಉಸಿರು ಬಿಗಿಹಿಡಿದು ಕೂತೆ. ಗೋಡೆಯ ಮೇಲೆ ನೆರಳು ನಿಂತಿತು. ಅಮ್ಹಾ ಅದನ್ನೇ ನೋಡಿದ. ಗೋಡೆಯನ್ನು ಅಂಗೈಯಿಂದ ತಟ್ಟಿದ. ನೆರಳು ಅಲ್ಲಾಡಲಿಲ್ಲ. ಆಗ ಅವನು ತಿರುಗಿ, ನೂಲಿನ ದಾರಿ ಹಿಡಿದಂತೆ ಕಣ್ಣನ್ನು ಮೇಲಕ್ಕೆ ತಂದು, ಕದಿರು ನೋಡಿ, ನನ್ನ ಕೈ ನೋಡಿದ. ಆಮೇಲೆ ನನ್ನ ಹೆಬ್ಬೆರಳನ್ನು ಒಂದು ಬೆರಳಿಂದ ಮುಟ್ಟಿದ. ಕದಿರು ತಿರುಗಿಸಿದೆ. ಅವನು ನಕ್ಕ. ಬುಗ್ಗೆಯ ಕೆಳಗೆ ನಕ್ಕಿದ್ದನಲ್ಲ, ಅದೇ ನಗು.

ನನ್ನಿಂದಾಯಿತು. ಯೆಶಾರೆಗ್‌ಳಿಂದಲೂ ಆಯಿತು. ಆದರೆ ನಾವಿಬ್ಬರೂ ಆಸ್ಪತ್ರೆಯಲ್ಲಿರುತ್ತೇವೆ. ಕಾಯುವುದನ್ನು ಕಲಿಯಬೇಕಾದವರು ಅಪ್ಪ.

ಅಪ್ಪನ ಹೆಸರು ಲಿಸಾನು. ಅವರು ಮೆರಿಗೇತಾ, ಅಂದರೆ ಚರ್ಚಿನ ಗಾಯನಕ್ಕೆ ಮುಖ್ಯಸ್ಥರು, ಜೊತೆಗೆ ಕ್ನೆ ಕಲಿಸುವ ಗುರುಗಳು. ಊರೆಲ್ಲ ಅವರನ್ನು ಯೆನೇತಾ, ಅಂದರೆ ಗುರುವೇ ಎಂದು ಕರೆಯುತ್ತದೆ. ಕ್ನೆ ಎಂದರೆ ದೇವರ ಮುಂದೆ ಹಾಡುವ ಪದ್ಯ. ಪ್ರತಿ ಸಲವೂ ಹೊಸದಾಗಿ ಕಟ್ಟಬೇಕು. ಒಮ್ಮೆ ಹಾಡಿದ್ದನ್ನು ಮತ್ತೆ ಹಾಡುವಂತಿಲ್ಲ, ಅದು ದೇವರಿಗೆ ತಂಗಳು ಬಡಿಸಿದ ಹಾಗೆ. ನಮ್ಮ ಅಂಗಳದ ಸುತ್ತ ಶಿಷ್ಯರ ಗುಡಿಸಲುಗಳು, ಬೆಳಗಿನಿಂದ ಪಠಣ. ಹೆಣ್ಣುಮಕ್ಕಳಿಗೆ ಅದನ್ನು ಯಾರೂ ಕಲಿಸುವುದಿಲ್ಲ, ಆದರೆ ಕಿವಿಗೆ ಬಾಗಿಲಿಲ್ಲವಲ್ಲ. ನನ್ನ ನೂಲು ಆ ಧ್ವನಿಗಳ ಲಯದಲ್ಲೇ ಉದ್ದವಾಗುತ್ತಾ ಬಂದಿದೆ.

ಅಪ್ಪನಿಗೆ ಹೇಳಲು ಸಿಸ್ಟರ್ ನಮ್ಮ ಮನೆಗೇ ಬಂದರು. ಯೆಶಾರೆಗ್ ಕಾಫಿ ಬೀಜ ಹುರಿದಳು. ಅಪ್ಪ ಮರ್ಯಾದೆಯಿಂದ ಎಲ್ಲ ಕೇಳಿಸಿಕೊಂಡರು. ಕೊನೆಗೆ, ತಮ್ಮ ಮನೆಯಲ್ಲಿ ಇದು ನಡೆಯುವುದಿಲ್ಲ ಎಂದರು.

ಕಾರಣವನ್ನೂ ಹೇಳಿದರು. ಚಿಕ್ಕಂದಿನಲ್ಲಿ ಎಲ್ಲೋ ದೂರದ ಹಳ್ಳಿಯಿಂದ ಓದಲು ಬಂದವರು ಅವರು. ಚರ್ಚಿನ ಶಿಷ್ಯರೆಲ್ಲರ ಹಾಗೆ ಕುರಿತೊಗಲು ಹೊದ್ದು, ಮನೆಮನೆಯ ಮುಂದೆ ನಿಂತು ಬೇಡಿ ಉಂಡವರು. ಮೀನಖಂಡದ ಮೇಲೆ ನಾಯಿಯ ಹಲ್ಲಿನ ಗುರುತಿತ್ತು, ಪಂಚೆ ಸರಿಸಿ ಅದನ್ನು ತೋರಿಸಿದರು. ಅಂದೇ ನಿಶ್ಚಯಿಸಿದ್ದರಂತೆ, ತಮಗೊಂದು ಮನೆಯಾದರೆ ಅಲ್ಲಿ ಯಾರೂ ಬಾಯಿ ಬಿಟ್ಟು ಬೇಡುವಂತಾಗಬಾರದು ಎಂದು. ಅದು ನಿಜ. ನಮ್ಮ ಮನೆಗೆ ಬಂದ ಶಿಷ್ಯ ನಮಸ್ಕಾರ ಮುಗಿಸುವ ಮೊದಲೇ ಅವನ ಮುಂದೆ ಊಟವಿರುತ್ತಿತ್ತು. ಅಮ್ಹಾ ಅತ್ತಿತ್ತ ತಿರುಗಿದರೆ ಸಾಕು, ಅಜ್ಜನ ಕೈಯ ತುತ್ತು ಅವನ ತುಟಿಗೆ ಬಂದಿರುತ್ತಿತ್ತು.

"ನನ್ನ ಮೊಮ್ಮಗ ನನ್ನ ಮುಂದೆ ಕೈ ಚಾಚ್ಬೇಕಾ ತಾಯಿ? ಅದನ್ನ ನಾನು ಕೂತು ನೋಡ್ಬೇಕಾ?"

ಸಿಸ್ಟರ್ ವಾದ ಮಾಡಲಿಲ್ಲ. ಎರಡನೇ ಸುತ್ತಿನ ಕಾಫಿ ಕುಡಿಯುತ್ತಾ, ಬೇಡಲು ಹೋದಾಗ ಬಾಗಿಲಲ್ಲಿ ಏನೆಂದು ಕೂಗುತ್ತಿದ್ದಿರಿ ಎಂದು ಕೇಳಿದರು, ಸುಮ್ಮನೆ ತಿಳಿದುಕೊಳ್ಳುವವರ ಹಾಗೆ. ದೇವಮಾತೆ ಮರಿಯಮ್ಮನ ಹೆಸರು ಹೇಳಿ ಕೂಗುತ್ತಿದ್ದೆವು ಎಂದರು ಅಪ್ಪ. ಅದನ್ನು ಕಲಿಸಿದವರು ಯಾರೆಂದು ಸಿಸ್ಟರ್ ಮತ್ತೆ ಕೇಳಿದರು. ಹಿರಿಯ ಶಿಷ್ಯನೊಬ್ಬ ಕಲಿಸಿದ್ದ, ಅಕ್ಷರಕ್ಕಿಂತ ಮೊದಲು ಅದೇ ಪಾಠ. ಮೆಲ್ಲಗೆ ಕೂಗಿದರೆ ಒಳಗಿನವರಿಗೆ ಕೇಳದು, ಜೋರಾದರೆ ನಾಯಿ ಏಳುತ್ತದೆ, ಎಷ್ಟು ಎಂಬುದನ್ನು ಬೆಟ್ಟದ ಮೇಲೆ ನಿಲ್ಲಿಸಿ ಅಭ್ಯಾಸ ಮಾಡಿಸಿದ್ದ ಎಂದು ಅಪ್ಪ ನಗುತ್ತಾ ಹೇಳತೊಡಗಿದವರು, ನಡುವೆ ನಿಲ್ಲಿಸಿ, ಕೇಳುವುದೂ ಕಲಿತದ್ದೇ ಎಂದು ಹೊಳೆದವರಂತೆ ಸಿಸ್ಟರ್ ಮುಖ ನೋಡಿದರು. ಸಿಸ್ಟರ್ ಕಾಫಿ ಚೆನ್ನಾಗಿದೆ ಎಂದು ಯೆಶಾರೆಗ್‌ಗೆ ಹೇಳುತ್ತಿದ್ದರು.

ಅಪ್ಪ ಒಪ್ಪಲಿಲ್ಲ. ಆದರೆ ಆ ಸಂಜೆ ಶಿಷ್ಯರ ಪಾಠದಲ್ಲಿ ಎರಡು ಕಡೆ ತಪ್ಪಿದರಂತೆ.

ಮರುವಾರ ಆಸ್ಪತ್ರೆಯಲ್ಲಿ ಯೆಶಾರೆಗ್‌ಳ ತಪಾಸಣೆ ಇತ್ತು. ಅಮ್ಹಾನನ್ನು ಅಜ್ಜನ ಬಳಿ ಬಿಟ್ಟು ಹೋಗಿ ನೋಡೋಣ ಎಂದಳು. ಮಧ್ಯಾಹ್ನ ಹಿಂತಿರುಗುವಾಗ ಬೀದಿಯ ತಿರುವಿಗೇ ಅಳು ಕೇಳಿತು.

ಒಳಗೆ ಹೋದರೆ ಅಮ್ಹಾನ ಸುತ್ತ ಹಬ್ಬದ ಹಾಗೆ ಹರಡಿತ್ತು. ಬಟ್ಟಲಲ್ಲಿ ಹಾಲು, ಹುರಿದ ಜವೆಗೋಧಿ, ಜೇನು, ಬಾಳೆಹಣ್ಣು, ಬಿಸಿ ರೊಟ್ಟಿ. ಶಿಷ್ಯನೊಬ್ಬ ಕೋಳಿಮರಿ ಹಿಡಿದು ಆಡಿಸುತ್ತಿದ್ದ. ಅಪ್ಪ ಬೆವತಿದ್ದರು, ಕೈಯಲ್ಲಿ ಇನ್ನೂ ಒಂದು ತುತ್ತು ಇತ್ತು. ಹುಡುಗ ಮಣಿಕಟ್ಟನ್ನು ಹಲ್ಲಲ್ಲಿ ಕಚ್ಚಿಕೊಂಡು ಹಿಂದೆ ಮುಂದೆ ತೂಗುತ್ತಿದ್ದ. ನನಗೆ ಆರೋಗ್ಯ ಕೇಂದ್ರದ ಕಿಟಕಿಯ ಗಾಳಿ ಕತ್ತಿಗೆ ಬಂದ ಹಾಗಾಯಿತು.

ಯೆಶಾರೆಗ್ ಯಾರನ್ನೂ ಕೇಳದೆ ಮೇಲಿನ ಗೂಡಿನಿಂದ ನೀಲಿ ತಗಡಿನ ಲೋಟ ತೆಗೆದು ನೀರು ಕೊಟ್ಟಳು. ಅಮ್ಹಾ ಎರಡೂ ಕೈಯಲ್ಲಿ ಹಿಡಿದು, ಮೂಗು ಮುಳುಗುವಂತೆ ಕುಡಿದ. ಮತ್ತೆ ಲೋಟ ತುಂಬಿಸಿದಳು, ಅದನ್ನೂ ಕುಡಿದ.

"ಬರೀ ನೀರಾ?" ಎಂದರು ಅಪ್ಪ. "ನಾನು ಹಾಲು ಕೊಟ್ಟೆನಲ್ಲ."

ನಮ್ಮ ಮನೆಯಲ್ಲಿ ಪ್ರೀತಿಯ ಮಗುವಿಗೆ ಬರೀ ನೀರು ಕೊಡುವುದುಂಟೆ? ಅಪ್ಪನಿಗೆ ಅದು ಹೊಳೆದೇ ಇರಲಿಲ್ಲ. ಅವರು ಕೈಯ ತುತ್ತನ್ನು ತಟ್ಟೆಗೆ ಇಟ್ಟರು. ಅಮ್ಹಾನ ಮಣಿಕಟ್ಟಿನ ಮೇಲೆ ಹಲ್ಲಿನ ಅಚ್ಚು ದುಂಡಗೆ ಕೆಂಪಾಗಿತ್ತು. ಅದನ್ನು ಮುಟ್ಟದೆ, ಬಾಗಿ, ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ತಮ್ಮ ಶಿಷ್ಯರ ದನಿಯಲ್ಲಿ ಕೇಳಿದರು:

"ಎಲ್ಲಿ ಕೂರ್ಬೇಕು ನಾನು?"

ಲೋಟವನ್ನು ಅಮ್ಹಾನ ಕಣ್ಣಿಗೆ ಕಾಣುವ ಹಾಗೆ, ಅಪ್ಪನ ಪಕ್ಕದ ಗೂಡಿನಲ್ಲಿಟ್ಟೆವು. ಅಪ್ಪ ತಮ್ಮ ಎತ್ತರದ ಪೀಠ ಬಿಟ್ಟು ನೆಲಕ್ಕೆ ಕೂತರು. ಮಂಡಿ ಬಗ್ಗಿಸಲು ಶಿಷ್ಯನೊಬ್ಬ ಹಿಡಿದುಕೊಳ್ಳಬೇಕಾಯಿತು. ಕಾಯುವುದು ಅವರಿಗೆ ಉಪವಾಸಕ್ಕಿಂತ ಕಷ್ಟವಾಯಿತು. ಕೈ ತಾನಾಗಿ ಲೋಟದ ಕಡೆ ಹೋಗುತ್ತಿತ್ತು, ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಳ್ಳುತ್ತಿದ್ದರು. ಆದರೂ ಕಾದರು. ಅಷ್ಟು ಕಾದರೂ ಅಮ್ಹಾ ಹತ್ತಿರ ಬರಲಿಲ್ಲ. ಅಪ್ಪ ಬಾಯಿ ತೆರೆದರೆ ಸಾಕು, ಕಿವಿ ಮುಚ್ಚಿಕೊಂಡು ಮೂಲೆಗೆ ಹೋಗುತ್ತಿದ್ದ.

ಯಾಕೆ? ನನ್ನ ಮುಂದೆ ಮೂಲೆಗೆ ಓಡದವನು ಅಜ್ಜನ ಮುಂದೆ ಯಾಕೆ ಓಡುತ್ತಾನೆ? ಈ ಪ್ರಶ್ನೆ ನನಗೆ ಊಟದಲ್ಲೂ ಪ್ರಾರ್ಥನೆಯಲ್ಲೂ ಅಂಟಿಕೊಂಡಿತು. ಗಡ್ಡ ಕಾರಣವೇ? ಧೂಪದ ವಾಸನೆಯೇ? ಒಂದು ದಿನ ನಾನು ನೂಲುವುದನ್ನೂ ನಿಲ್ಲಿಸಿ, ನೋಡುವುದನ್ನೂ ಬಿಟ್ಟು, ಕಣ್ಣು ಮುಚ್ಚಿ ಬರೀ ಕಿವಿಗೊಟ್ಟು ಕೂತೆ. ಅದು ನನಗೆ ಬಾಲ್ಯದಿಂದ ಬರುವ ಕೆಲಸ. ಬೆಳಗ್ಗೆ ಅಪ್ಪ ನೀರನ್ನು ಬಂಡೆಯೊಳಗಿನ ಕರುಣೆ ಎಂದರು. ಮಧ್ಯಾಹ್ನ ನೀರನ್ನು ಮೋಡದ ಮಗಳು ಎಂದರು. ಸಂಜೆ ಇನ್ನೂ ಸೊಗಸಾದ, ಇನ್ನೂ ಉದ್ದದ ಒಂದು ಸಾಲು ಬಂತು. ಅಂಗಳದಲ್ಲಿ ಶಿಷ್ಯರು ತಲೆದೂಗಿದರು. ಒಂದೇ ಲೋಟದ ನೀರು. ಅದಕ್ಕೆ ಪ್ರತಿ ಸಲವೂ ಹೊಸ ಪದ್ಯ. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವುದು ಅವರ ನಾಲಿಗೆಗೇ ಗೊತ್ತಿರಲಿಲ್ಲ. ಕದಿರಿನ ನೆರಳು ಅದೇ ದಾರಿಯಲ್ಲಿ ಇಳಿದು ಬರುವುದನ್ನು ಕಾಯುವ ಹುಡುಗ ಆ ಹೊಸ ಮಾತುಗಳಲ್ಲಿ ಏನನ್ನು ತಾನೆ ಹಿಡಿದುಕೊಳ್ಳಬೇಕು?

ಅಪ್ಪನಿಗೆ ಎದುರು ಮಾತಾಡಿದವಳಲ್ಲ ನಾನು. ಬಟ್ಟಲು ತೊಳೆಯುವ ನೆಪದಲ್ಲಿ ಹತ್ತಿರ ಹೋದೆ.

"ಅಬ್ಬಾಯೆ, ಬೆಳಗ್ಗೆ ಹೇಳಿದ್ದನ್ನೇ ಸಂಜೆಗೂ ಹೇಳಿ" ಎಂದೆ. ಅಪ್ಪನನ್ನು ನಾವು ಕರೆಯುವುದು ಅಬ್ಬಾಯೆ ಎಂದೇ.

"ಏನು?"

"ಅದೇ ಮಾತು. ನಾಳೆನೂ ಅದೇ. ಚಿಕ್ಕದಾಗಿ."

ಅವರು ತಲೆಯೆತ್ತಿ ನನ್ನನ್ನು ನೋಡಿದರು. ದೇವರ ಮುಂದೆ ಕೂಡ ಹಾಗೆ ಮಾಡಿದವನಲ್ಲ ನಾನು ಎಂದರು ಮೆಲ್ಲಗೆ. ದೇವರಿಗೆ ಎಲ್ಲ ಪದ್ಯವೂ ಅರ್ಥವಾಗುತ್ತೆ, ಇವನು ಇನ್ನೂ ಮೊದಲನೆಯದನ್ನೇ ಕಲೀತಿದ್ದಾನೆ ಎಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ. ಅಪ್ಪ ಎದ್ದು ಹೊರಗೆ ಹೋದರು. ಅತ್ತಿಯ ಮರದ ಕೆಳಗೆ ಕತ್ತಲಾಗುವವರೆಗೆ ಓಡಾಡಿದರು. ಪದ್ಯ ಕಟ್ಟುವಾಗ ಹಾಗೆ ಓಡಾಡುವುದುಂಟು, ಶಿಷ್ಯರು ಹೊಸದೊಂದು ಬರುತ್ತದೆಂದು ಕಾದರು.

ಮರುದಿನ ಬೆಳಗ್ಗೆ ನೆಲಕ್ಕೆ ಕೂತು, "ನೀರು" ಎಂದರು. ಅಷ್ಟೇ. ಮಧ್ಯಾಹ್ನ "ನೀರು" ಎಂದರು, ಅದೇ ರಾಗದಲ್ಲಿ. ಸಂಜೆಯೂ ಅದೇ. ಹೊರಗೆ ಶಿಷ್ಯರು ಮುಸಿಮುಸಿ ನಗುವುದು ನನಗೆ ಕೇಳಿಸುತ್ತಿತ್ತು.

"ಯೆನೇತಾನ ಬಾವಿ ಬತ್ತಿತು ಕಣ್ರೋ, ಒಂದೇ ಪದ ಉಳಿದಿರೋದು" ಎಂದನೊಬ್ಬ.

ಅಪ್ಪನಿಗೂ ಕೇಳಿಸಿತು. ತಿರುಗಿ ನೋಡಲಿಲ್ಲ. ದಿನಗಳು ಹೋದವು. ಅಮ್ಹಾ ಮೊದಲು ಕಿವಿಯಿಂದ ಕೈ ತೆಗೆದ. ಆಮೇಲೆ ಮೂಲೆ ಬಿಟ್ಟು ಚಾಪೆಯ ಅಂಚಿಗೆ ಬಂದ. ಒಂದು ಮಧ್ಯಾಹ್ನ, ಅಪ್ಪ ಆ ಮಾತು ಹೇಳಿ ಸುಮ್ಮನಾದ ಮೇಲೆ, ಹತ್ತಿರ ಬಂದು ಅವರ ಕೈಯನ್ನು ಒಂದು ವಸ್ತುವಿನ ಹಾಗೆ ಎತ್ತಿ, ಗೂಡಿನಲ್ಲಿದ್ದ ಲೋಟದ ಮೇಲಿಟ್ಟ. ಅಪ್ಪ ನೀರು ಕೊಟ್ಟರು. ಹುಡುಗ ಕುಡಿದು ತನ್ನ ಪಾಡಿಗೆ ಹೋದ. ಅಪ್ಪ ಮಾತ್ರ ತಮ್ಮ ಕೈಯನ್ನೇ ನೋಡುತ್ತಾ ಕೂತರು, ಅದು ಯಾರದೋ ಎಂಬಂತೆ.

ನಿಮಗೆ ಏನನ್ನಿಸಿತು ಎಂದು ಯೆಶಾರೆಗ್ ಆಮೇಲೆ ಅಪ್ಪನನ್ನು ಕೇಳಿದಳು. ಬೇಡುವವನು ಬಂದಾಗ ಬಾಗಿಲ ಒಳಗೆ ನಿಂತವರಿಗೆ ಹೇಗಿರುತ್ತದೆ ಎಂದು ತಿಳಿಯಿತು ಎಂದರಂತೆ.

ಹೆರಿಗೆ ಆಸ್ಪತ್ರೆಯವರು ಹೇಳಿದ ದಿನಕ್ಕಿಂತ ಮೊದಲೇ ಬಂತು. ಬೆಳಗಿನ ಪೂಜೆಯ ಗಂಟೆ ಹೊಡೆಯುವ ಹೊತ್ತಿಗೆ ಯೆಶಾರೆಗ್ ಗೋಡೆ ಹಿಡಿದು ನಿಂತಳು. ಮೂರು ಗಾಲಿಯ ಬಜಾಜಿನಲ್ಲಿ ಅವಳನ್ನು ಕೂರಿಸಿಕೊಂಡು ಹೊರಟೆ. ಅಮ್ಹಾ ಬಾಗಿಲಲ್ಲಿ ನಿಂತಿದ್ದ, ನಮ್ಮನ್ನು ನೋಡುತ್ತಿರಲಿಲ್ಲ, ಗಾಲಿ ತಿರುಗುವುದನ್ನು ನೋಡುತ್ತಿದ್ದ. ಮಧ್ಯಾಹ್ನಕ್ಕೆ ಹೆಣ್ಣುಮಗು ಹುಟ್ಟಿತು. ದೇವರಿಗೆ ಸ್ತೋತ್ರ, ಇಬ್ಬರೂ ಕ್ಷೇಮ. ಎಚ್ಚರವಾದೊಡನೆ ಯೆಶಾರೆಗ್ ಕೇಳಿದ್ದು ಹುಟ್ಟಿದ ಮಗುವಿನ ಬಗ್ಗೆಯಲ್ಲ. "ನೀರು ಕುಡಿದ್ನಾ?" ಎಂದಳು.

ಶಿಷ್ಯನೊಬ್ಬನ ಮೊಬೈಲಿಗೆ ಫೋನ್ ಮಾಡಿದೆ. ಕುಡಿದಿದ್ದಾನೆ, ಅಜ್ಜನ ಕೈ ಹಿಡಿದು ಲೋಟದ ಮೇಲಿಟ್ಟು ಕುಡಿದಿದ್ದಾನೆ, ಯೆನೇತಾ ನೆಲ ಬಿಟ್ಟು ಎದ್ದಿಲ್ಲ ಎಂದ. ಸಂಜೆಯೂ ಹಾಗೇ ಹೇಳಿದ. ಯೆಶಾರೆಗ್ ನಂಬಲಿಲ್ಲ. ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾರೆ ಎತೀಯೆ ಎಂದು ಗೋಡೆಗೆ ತಿರುಗಿ ಮಲಗಿದಳು.

ಮರುದಿನ ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಅಪ್ಪ ಕಾಣಿಸಿಕೊಂಡರು. ತಲೆಯ ಬಿಳಿ ರುಮಾಲು ಓರೆಯಾಗಿತ್ತು, ಪಂಚೆಯ ಅಂಚಿಗೆ ಬೀದಿಯ ಕೆಸರು. ಒಂದು ಕೈಯಲ್ಲಿ ಅಮ್ಹಾ. ಅವನ ಇನ್ನೊಂದು ಕೈಯಲ್ಲಿ ಯೆಶಾರೆಗ್‌ಳ ಬಿಳಿ ಹೊದಿಕೆ, ಅವಳು ಅವನನ್ನು ಕರೆದುಕೊಂಡು ಚರ್ಚಿಗೆ ಹೋಗುವಾಗ ಹೊದೆಯುವಂಥದ್ದು, ನೆಲಕ್ಕೆ ಎಳೆಯುತ್ತಿತ್ತು.

ಯೆಶಾರೆಗ್ ಎದ್ದು ಕೂರಲು ಹೋಗಿ ನೋವಿಗೆ ಮುಖ ಹಿಂಡಿದಳು. ಏನೋ ಆಗಿದೆ ಎಂದೇ ಅವಳು ತಿಳಿದಳು. ಹುಡುಗನ ಕೈ ಎಳೆದುಕೊಂಡು ತೋಳು ಮೇಲೆ ಸರಿಸಿ ಮಣಿಕಟ್ಟು ನೋಡಿದಳು, ಇನ್ನೊಂದನ್ನೂ ನೋಡಿದಳು. ಹಳೆಯ ಗುರುತು ಬಿಟ್ಟರೆ ಏನೂ ಇರಲಿಲ್ಲ.

"ಯಾಕೆ ಕರ್ಕೊಂಡು ಬಂದ್ರಿ ಇವ್ನನ್ನ?"

"ಕೇಳಿದ" ಎಂದರು ಅಪ್ಪ.

"ಏನ್ ಕೇಳಿದ?"

ಅಪ್ಪ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಉಸಿರು ತೆಗೆದುಕೊಂಡರು. ಬೆಳಗ್ಗೆ ನೀರು ಕುಡಿದಾದ ಮೇಲೆ ಅಮ್ಹಾ ಒಳಗೆ ಹೋಗಿ, ಗೂಟದಲ್ಲಿ ತೂಗುಹಾಕಿದ್ದ ಹೊದಿಕೆಯನ್ನು ಎಳೆದುಕೊಂಡು ಬಂದನಂತೆ. ಅದನ್ನು ಅಜ್ಜನ ಮಡಿಲಲ್ಲಿ ಹಾಕಿದನಂತೆ. ಅಪ್ಪ ಅವನಿಗೆ ಚಳಿಯೆಂದು ತಿಳಿದು ಹೊದಿಸಲು ಹೋದರೆ ಕಿತ್ತುಕೊಂಡು ಮತ್ತೆ ಮಡಿಲಿಗೇ ಹಾಕಿದನಂತೆ. ರೊಟ್ಟಿ ತೋರಿಸಬೇಕೆಂದು ಕೈ ಏಳುವುದರಲ್ಲಿತ್ತು, ಎತ್ತದೆ ಸುಮ್ಮನೆ ಕೂತೆ ಎಂದರು. ಹುಡುಗ ಅವರ ಕೈಯನ್ನು ಎತ್ತಿ ಹೊದಿಕೆಯ ಮೇಲಿಟ್ಟ. ಆಮೇಲೆ ಅವನೂ ಕಾದ, ಎದುರಿಗೆ ನಿಂತು.

"ನಿನ್ನನ್ನ ಕೇಳಿದ" ಎಂದರು ಅಪ್ಪ. "ಕೇಳಿದ ಕೂಡ್ಲೆ ಕೊಡ್ಬೇಕು ಅಂತ ಆ ಸಿಸ್ಟರ್ ಹೇಳಿದ್ರಲ್ಲ. ಗೇಟಿನಲ್ಲಿ ಮಕ್ಕಳನ್ನ ಬಿಡಲ್ಲ ಅಂದ್ರು. ಎಷ್ಟು ಕೇಳ್ಕೋಬೇಕೋ ಅಷ್ಟು ಕೇಳ್ಕೊಂಡೆ."

ಯೆಶಾರೆಗ್ ಹೊದಿಕೆಯ ತುದಿಯನ್ನು ಮುಖಕ್ಕೆ ಒತ್ತಿಕೊಂಡಳು. ಹೊಸ ಮಗು ಅವಳ ಪಕ್ಕದಲ್ಲಿ ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು. ಅಮ್ಹಾ ತಂಗಿಯನ್ನು ನೋಡಲಿಲ್ಲ, ತಾಯಿಯ ಮುಖವನ್ನೂ ನೋಡಲಿಲ್ಲ. ಮಂಚದ ಅಂಚಿಗೆ ಬೆನ್ನಾನಿಸಿ, ಅವಳ ಕಾಲಿಗೆ ತಲೆ ತಾಗುವ ಹಾಗೆ ನೆಲದ ಮೇಲೆ ಕೂತ. ಅವನ ಕಣ್ಣು ಮೇಲೆ, ಕಂಬಿಗೆ ನೇತುಹಾಕಿದ್ದ ಔಷಧದ ಬಾಟಲಿಯ ಕಡೆ ಹೋಗಿತ್ತು. ಕೊಳವೆಯೊಳಗೆ ಹನಿಯೊಂದು ಕೂಡಿ, ತಡೆದು, ಬೀಳುತ್ತಿತ್ತು.

"ಏನ್ ನೋಡ್ತಿದ್ದಾನೆ ಎತೀಯೆ?" ಎಂದು ಯೆಶಾರೆಗ್ ಹೊದಿಕೆಯ ಹಿಂದಿನಿಂದಲೇ ಕೇಳಿದಳು.

ಹನಿಯನ್ನು ಎನ್ನಬಹುದಿತ್ತು. ಆದರೆ ಹನಿಯಲ್ಲಿ ಏನನ್ನು? ನನಗೆ ಖಚಿತವಿರಲಿಲ್ಲ. ಅಪ್ಪ ಆಗಲೇ ಸ್ಟೂಲು ಬಿಟ್ಟು, ಮಂಚದ ಕಂಬಿ ಹಿಡಿದು, ಒಂದೊಂದೇ ಮಂಡಿ ಬಗ್ಗಿಸುತ್ತಾ, ಅಮ್ಹಾನ ಪಕ್ಕದಲ್ಲಿ ಅವನಷ್ಟೇ ಎತ್ತರಕ್ಕೆ ನೆಲಕ್ಕೆ ಇಳಿಯುತ್ತಿದ್ದರು.